ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್: ಆಕ್ಟಿವೇಶನ್ ಆದಮಾತ್ರಕ್ಕೆ ಪರವಾನಗಿ ದೊರೆಯಿತೇ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಕಾರವಾರ, ಅಂಕೋಲಾ ಭಾಗದ ವರ್ತಕರಿಗೂ ಹಳೆಯ ಗಣಕಯಂತ್ರಗಳನ್ನು ಬದಲಿಸುವ ಪ್ರಶ್ನೆ ಇದರಿಂದ ಎದುರಾಗಿದೆ. ಕಡಲತಡಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಯಂತ್ರಗಳನ್ನು ಬೇಗ ಸವೆಸುವುದು ನಮಗೆಲ್ಲ ತಿಳಿದದ್ದೇ. ಯಂತ್ರ ಬದಲಿಸುವುದು ಸುಲಭ. ಆದರೆ ಅದರೊಳಗಿರುವ ಹಲವು ವರ್ಷಗಳ ಲೆಕ್ಕಪತ್ರವನ್ನೂ ಅದನ್ನು ತೆರೆಯಬಲ್ಲ ಹಳೆಯ ತಂತ್ರಾಂಶವನ್ನೂ ಹೊಸ ಯಂತ್ರಕ್ಕೆ ಒಯ್ಯುವುದು ಅಷ್ಟು ಸುಲಭವಲ್ಲ. ಇದಕ್ಕೆ ತಂತ್ರಜ್ಞರು ಸಾಮಾನ್ಯವಾಗಿ ಸೂಚಿಸುವ ಪರಿಹಾರವೇ ವರ್ಚುವಲ್ ಮಷೀನ್. ತಾಂತ್ರಿಕವಾಗಿ ಇದು ಉತ್ತಮ ಉಪಾಯ. ಆದರೆ ಇದರೊಂದಿಗೆ ಬರುವ ಕಾನೂನಿನ ಹೊಣೆಯನ್ನು ಮಾಲೀಕರು ಅರಿತಿರಬೇಕು.

ವರ್ಚುವಲ್ ಮಷೀನ್ ಎಂದರೇನು?

ಒಂದು ಗಣಕದೊಳಗೆ ತಂತ್ರಾಂಶದ ಮೂಲಕವೇ ಸೃಷ್ಟಿಸಿದ ಇನ್ನೊಂದು ಗಣಕವೇ ವರ್ಚುವಲ್ ಮಷೀನ್. ಇದಕ್ಕೆ ತನ್ನದೇ ಡಿಸ್ಕ್, ಮೆಮರಿ ಮತ್ತು ಕಾರ್ಯಾಚರಣಾ ವ್ಯವಸ್ಥೆ ಇರುತ್ತವೆ. ಹೊಸ ಯಂತ್ರದಲ್ಲಿ ವಿಂಡೋಸ್ 11 ನಡೆಯುತ್ತಿರುವಾಗಲೇ, ಅದರ ಒಂದು ಕಿಟಕಿಯಲ್ಲಿ ಹಳೆಯ ವಿಂಡೋಸ್ ಹಾಗೂ ಹಳೆಯ ಲೆಕ್ಕದ ಪ್ಯಾಕೇಜನ್ನು ನಡೆಸಬಹುದು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಇದಕ್ಕಾಗಿ ಹೈಪರ್-ವಿ ಸೌಲಭ್ಯವಿದೆ; ಹೋಮ್ ಆವೃತ್ತಿಯಲ್ಲಿ ಇಲ್ಲ. ವರ್ಚುವಲ್‌ಬಾಕ್ಸ್‌ನ ಮೂಲ ತಂತ್ರಾಂಶ ಉಚಿತ. ಆದರೆ ಅದರ ಎಕ್ಸ್‌ಟೆನ್ಶನ್ ಪ್ಯಾಕ್‌ನ ವ್ಯಾಪಾರಿ ಬಳಕೆಗೆ ಪ್ರತ್ಯೇಕ ಪರವಾನಗಿ ಪಡೆಯಬೇಕು.

ಕೀಲಿ ಬೇರೆ, ಕರಾರು ಬೇರೆ

ಗೋದಾಮಿನ ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ಯಾರೂ ಬಾಡಿಗೆದಾರರಾಗುವುದಿಲ್ಲ. ಬಾಡಿಗೆ ಕರಾರು ಇರಬೇಕು. ಆಕ್ಟಿವೇಶನ್ ಎಂಬುದು ಕೀಲಿ. ಪರವಾನಗಿ ಎಂಬುದು ಕರಾರು. ಬೀಗ ತೆರೆದರೂ ಕರಾರು ಇಲ್ಲದಿರಬಹುದು. ಕರಾರು ಸರಿಯಿದ್ದರೂ ಬೀಗ ತೆರೆಯದಿರಬಹುದು: ವರ್ಚುವಲ್ ಮಷೀನನ್ನು ಬೇರೆ ಯಂತ್ರಕ್ಕೆ ನಕಲಿಸಿದಾಗ ಅದರ ಗುರುತು ಬದಲಾಗಿ ವಿಂಡೋಸ್ ಪುನಃ ಆಕ್ಟಿವೇಶನ್ ಕೇಳುವುದುಂಟು.

ವಿಂಡೋಸ್ 10 ಮತ್ತು 11ರ ಪರವಾನಗಿ ಷರತ್ತು ಈ ಬಗ್ಗೆ ಸ್ಪಷ್ಟವಾಗಿದೆ. ಒಂದು ಪರವಾನಗಿ ಒಂದು ಸಾಧನಕ್ಕೆ ಮಾತ್ರ. ಆ ಸಾಧನ ಭೌತಿಕವಾಗಿರಲಿ, ವರ್ಚುವಲ್ ಆಗಿರಲಿ, ಎಣಿಕೆಯಲ್ಲಿ ಒಂದೇ. ಹೊಸ ಗಣಕದೊಂದಿಗೆ ಬಂದ ವಿಂಡೋಸ್ 11 ಆ ಗಣಕಕ್ಕೇ ಖರ್ಚಾಗಿರುವುದರಿಂದ ಅದರೊಳಗಿನ ವರ್ಚುವಲ್ ಮಷೀನ್‌ಗೆ ಎರಡನೆಯ ಪರವಾನಗಿ ಬೇಕಾಗುತ್ತದೆ.

ಪರವಾನಗಿಯ ಬಗೆಗಳು

1. ಯಂತ್ರದೊಂದಿಗೆ ಬಂದದ್ದು (ಓಇಎಂ): ಇದು ಆ ಯಂತ್ರಕ್ಕೇ ಅಂಟಿಕೊಂಡದ್ದು. ಯಂತ್ರವನ್ನು ಮಾರಿದರೆ ಅದರೊಂದಿಗೆ ಹೋಗುತ್ತದೆ. ಯಂತ್ರ ಗುಜರಿಗೆ ಹೋದರೆ ಪರವಾನಗಿಯೂ ಅಲ್ಲಿಗೇ ಮುಗಿಯುತ್ತದೆ. ಹಳೆಯ ಡಿಸ್ಕ್ ಅನ್ನು ಯಥಾವತ್ತಾಗಿ ವರ್ಚುವಲ್ ಮಷೀನ್ ಆಗಿ ಪರಿವರ್ತಿಸಿದಾಗ ಹಕ್ಕು ಜೊತೆಗೆ ಬರುವುದಿಲ್ಲ.

2. ಪ್ರತ್ಯೇಕವಾಗಿ ಕೊಂಡದ್ದು (ರೀಟೇಲ್): ಹಳೆಯ ಯಂತ್ರದಿಂದ ತೆಗೆದುಹಾಕಿದ ನಂತರ ತಮ್ಮದೇ ಇನ್ನೊಂದು ಸಾಧನಕ್ಕೆ, ಅಂದರೆ ವರ್ಚುವಲ್ ಮಷೀನ್‌ಗೂ, ವರ್ಗಾಯಿಸಬಹುದು. ಏಕಕಾಲಕ್ಕೆ ಎರಡೂ ಕಡೆ ಬಳಸುವಂತಿಲ್ಲ.

3. ಸಂಸ್ಥೆಗಳ ಒಪ್ಪಂದದ್ದು (ವಾಲ್ಯೂಮ್): ಒಪ್ಪಂದ ಮಾಡಿಕೊಂಡ ಸಂಸ್ಥೆಗೆ ಮಾತ್ರ ಸಲ್ಲುತ್ತದೆ. ಇದರಲ್ಲಿ ಬಳಸುವ ಕೆಎಂಎಸ್ ಎಂಬ ಆಕ್ಟಿವೇಶನ್ ವಿಧಾನಕ್ಕೆ ಕನಿಷ್ಠ 25 ಡೆಸ್ಕ್‌ಟಾಪ್ ಗಣಕಗಳಿರಬೇಕು, ಮತ್ತು 180 ದಿನಗಳೊಳಗೆ ಅದು ನವೀಕರಣಗೊಳ್ಳಬೇಕು. ಯಾವ ಒಪ್ಪಂದವೂ ಇಲ್ಲದ, ಮೂರೇ ಗಣಕಗಳಿರುವ ಅಂಗಡಿಯಲ್ಲಿ ಕೆಎಂಎಸ್ ಎಂದು ತೋರಿಸಿದರೆ ಅದು ಅಕ್ರಮ ವಿಧಾನವೆಂದೇ ಭಾವಿಸಬೇಕು. ಕೆಲವೇ ನೂರು ರೂಪಾಯಿಗಳಿಗೆ ಬಿಡಿಬಿಡಿಯಾಗಿ ಮಾರಲಾಗುವ ಕೀಲಿ ಸಂಖ್ಯೆಗಳ ಬಗ್ಗೆಯೂ ಇದೇ ಎಚ್ಚರ ಅಗತ್ಯ.

ಕಾನೂನಿನ ನೋಟ

1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನಂತೆ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದವರಿಗೆ ನ್ಯಾಯಾಲಯ ವಿನಾಯಿತಿ ತೋರಲು ಅವಕಾಶವಿದೆ. ವರ್ತಕರಿಗೆ ಆ ಆಸರೆ ಇಲ್ಲ. ಅದೇ ಅಧಿನಿಯಮದ 52ನೇ ಕಲಮು ನಷ್ಟದಿಂದ ರಕ್ಷಣೆಗಾಗಿ ತಾತ್ಕಾಲಿಕ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಅನುಮತಿಸುತ್ತದೆ. ಬ್ಯಾಕಪ್ ಇಡುವುದು ಬೇರೆ, ಅದನ್ನು ಎರಡನೆಯ ಗಣಕವಾಗಿ ನಡೆಸುವುದು ಬೇರೆ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚ್ 2ರಂದು ನೀಡಿದ ತೀರ್ಪು ಆದಾಯ ತೆರಿಗೆಗೆ ಸಂಬಂಧಿಸಿದ್ದಾದರೂ ಇಲ್ಲಿ ಉಪಯುಕ್ತ. ಅಂತಿಮ ಬಳಕೆದಾರನು ಕೊಳ್ಳುವುದು ಕೃತಿಸ್ವಾಮ್ಯವನ್ನಲ್ಲ, ಒಪ್ಪಂದದ ಮಿತಿಯೊಳಗಿನ ಬಳಕೆಯ ಹಕ್ಕನ್ನು ಮಾತ್ರ ಎಂಬುದು ಅದರ ತಿರುಳು. ಆದ್ದರಿಂದ ಒಪ್ಪಂದ ಎಲ್ಲಿಗೆ ನಿಲ್ಲುವುದೋ ನಮ್ಮ ಹಕ್ಕೂ ಅಲ್ಲಿಗೇ ನಿಲ್ಲುತ್ತದೆ.

ಸರ್ವರ್ ಉಳ್ಳ ಸಂಸ್ಥೆಗಳಿಗೆ

ಮೀನು ಸಂಸ್ಕರಣೆ, ಗೇರುಬೀಜ ಕಾರ್ಖಾನೆಯಂಥ ಉದ್ಯಮಗಳು ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್ ನಡೆಸುವುದುಂಟು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯ ಸಾಮಾನ್ಯ ಕ್ರಮದಲ್ಲಿ ಯಂತ್ರದ ಎಲ್ಲ ಕೋರ್‌ಗಳಿಗೂ, ಕನಿಷ್ಠ 16 ಕೋರ್‌ಗಳಿಗೆ, ಪರವಾನಗಿ ಪಡೆದರೆ ಎರಡು ವರ್ಚುವಲ್ ಮಷೀನ್‌ಗಳಿಗೆ ಹಕ್ಕು ಸಿಗುತ್ತದೆ. ಮೂರನೆಯದು ಬೇಕಾದರೆ ಎಲ್ಲ ಕೋರ್‌ಗಳಿಗೂ ಮತ್ತೊಮ್ಮೆ ಪರವಾನಗಿ ಪಡೆಯಬೇಕು. ಇದಲ್ಲದೆ ಸರ್ವರ್ ಬಳಸುವ ಪ್ರತಿಯೊಬ್ಬ ನೌಕರನಿಗೆ ಅಥವಾ ಪ್ರತಿ ಸಾಧನಕ್ಕೆ ಕ್ಯಾಲ್ ಎಂಬ ಪ್ರವೇಶ ಪರವಾನಗಿಯೂ ಬೇಕು. ಅಂಕೋಲೆಯ ಶಾಖೆಯಿಂದ ಕಾರವಾರದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಮೂಲಕ ಕೆಲಸ ಮಾಡುವುದಾದರೆ ಅದಕ್ಕೆ ಬೇರೆಯೇ ಕ್ಯಾಲ್ ಇದೆ. ಅಂದಾಜುಪಟ್ಟಿ ತರಿಸುವಾಗ ಈ ಬಾಬುಗಳು ಸೇರಿವೆಯೇ ಎಂದು ಪರಿಶೀಲಿಸುವುದು ಒಳಿತು.

ಹಳೆಯ ಲೆಕ್ಕಪತ್ರಕ್ಕೆ ಮಾರ್ಗಗಳು

ಹಳೆಯ ದಾಖಲೆಗಳನ್ನು ಕೈಬಿಡುವಂತಿಲ್ಲ. ಜಿ.ಎಸ್.ಟಿ. ಕಾನೂನಿನ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್‌ನ ಅಂತಿಮ ದಿನಾಂಕದಿಂದ 72 ತಿಂಗಳು, ಕಂಪನಿಗಳಾದರೆ ಕಂಪನಿ ಕಾನೂನಿನಂತೆ ಎಂಟು ಆರ್ಥಿಕ ವರ್ಷ ಅವುಗಳನ್ನು ಕಾಪಾಡಬೇಕು. ಮೇಲ್ಮನವಿ ಬಾಕಿ ಇದ್ದರೆ ಇನ್ನೂ ಹೆಚ್ಚು ಕಾಲ.

ಮೊದಲನೆಯದಾಗಿ, ಹಳೆಯ ಯಂತ್ರ ಜೀವಂತವಿರುವಾಗಲೇ ಲೆಡ್ಜರ್, ರೋಜುಕೀರ್ದಿ, ದಾಸ್ತಾನು ವಿವರಗಳನ್ನು ಪಿಡಿಎಫ್ ಹಾಗೂ ಎಕ್ಸೆಲ್ ರೂಪಕ್ಕೆ ತೆಗೆದಿಡಬೇಕು. ಹಲವರಿಗೆ ಇಷ್ಟೇ ಸಾಕಾಗುತ್ತದೆ. ವರ್ಚುವಲ್ ಮಷೀನ್‌ನ ಅಗತ್ಯವೇ ಬೀಳುವುದಿಲ್ಲ. ಎರಡನೆಯದಾಗಿ, ಡಾಸ್ ಕಾಲದ ಪ್ಯಾಕೇಜ್‌ಗಳು 64 ಬಿಟ್‌ನ ವಿಂಡೋಸ್ 11ರಲ್ಲಿ ನೇರವಾಗಿ ನಡೆಯುವುದಿಲ್ಲ. ಅಂಥವನ್ನು ಫ್ರೀಡಾಸ್ ಎಂಬ ಉಚಿತ ವ್ಯವಸ್ಥೆಯನ್ನು ವರ್ಚುವಲ್ ಮಷೀನ್‌ಗೆ ಹಾಕಿ ಪ್ರಯತ್ನಿಸಬಹುದು. ಅದಕ್ಕೆ ಶುಲ್ಕವಿಲ್ಲ, ಆಕ್ಟಿವೇಶನ್ನೂ ಇಲ್ಲ. ಮೂರನೆಯದಾಗಿ, ವಿಂಡೋಸ್ ಎಕ್ಸ್‌ಪಿ ಅಥವಾ 7 ಅನಿವಾರ್ಯವಾದರೆ ರೀಟೇಲ್ ಪರವಾನಗಿಯ ಪುರಾವೆ ಹುಡುಕಿ, ಅದರ ಷರತ್ತಿನಂತೆಯೇ ಬಳಸಬೇಕು. ಎಕ್ಸ್‌ಪಿಯ ಬೆಂಬಲ 2014ರಲ್ಲಿಯೂ ವಿಂಡೋಸ್ 7ರದು 2020ರಲ್ಲಿಯೂ ಮುಗಿದಿರುವುದರಿಂದ ಅಂಥ ಮಷೀನ್‌ಗೆ ಅಂತರ್ಜಾಲ ಸಂಪರ್ಕ ಕೊಡಬಾರದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ದಾಖಲಾಗುವುದು ಕಡ್ಡಾಯವಾಗಿರುವುದರಿಂದ ಆ ಸೌಲಭ್ಯವಿಲ್ಲದ ಹಳೆಯ ಪ್ಯಾಕೇಜನ್ನು ಕಂಪನಿಗಳು ಓದುವುದಕ್ಕೆ ಮಾತ್ರ ಉಳಿಸಿಕೊಳ್ಳಬೇಕು.

ಬಿಲ್ಲೇ ಸಾಕ್ಷಿ

ಪರವಾನಗಿಯನ್ನು ಸಂಸ್ಥೆಯ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆ ನಮೂದಿಸಿದ ಬಿಲ್ಲಿನೊಂದಿಗೇ ಕೊಳ್ಳಬೇಕು. ಶೇ. 18ರ ತೆರಿಗೆಗೆ ಅರ್ಹರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಲ್ಲದೆ, ನಾಳೆ ಪ್ರಶ್ನೆ ಬಂದರೆ ಅದೇ ಬಿಲ್ಲು ಸಾಕ್ಷಿಯಾಗುತ್ತದೆ. ಪ್ರತಿ ಯಂತ್ರ, ಪ್ರತಿ ವರ್ಚುವಲ್ ಮಷೀನ್‌ನ ಎದುರು ಪರವಾನಗಿಯ ಬಗೆ, ಬಿಲ್ಲಿನ ಸಂಖ್ಯೆ ಹಾಗೂ ದಿನಾಂಕ ಬರೆದ ಒಂದು ಪಟ್ಟಿಯನ್ನು ಸ್ಥಿರಾಸ್ತಿ ರಿಜಿಸ್ಟರಿನೊಂದಿಗೆ ಇಡುವುದು ಕ್ಷೇಮ. ಪಟ್ಟಿಯಲ್ಲಿ ಬಿಲ್ಲಿನ ಕಾಲಂ ಖಾಲಿ ಉಳಿದಿದ್ದರೆ, ಪರದೆಯ ಮೇಲೆ ಆಕ್ಟಿವೇಟೆಡ್ ಎಂದು ಕಂಡರೂ, ಆ ಮಷೀನನ್ನು ಪರವಾನಗಿ ಇಲ್ಲದ್ದೆಂದೇ ಎಣಿಸಿ ಸರಿಪಡಿಸಿಕೊಳ್ಳತಕ್ಕದ್ದು.