ವ್ಯಾನಿನ ಪೆಟ್ರೋಲು, ಕ್ರಿಪ್ಟೊ ಲೆಕ್ಕ



ನೌಪಾಡಾದಿಂದ ವಾಶಿ ಎ.ಪಿ.ಎಂ.ಸಿ. ಮಾರ್ಕೆಟಿಗೆ ಹೋಗಿ ಬರುವ ಹೋಟೆಲ್ ವ್ಯಾನಿನ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಅಮೆರಿಕದಂತೆ ಮೈಲಿಗೆ ಇಷ್ಟು ಎಂಬ ದರ ನಮ್ಮಲ್ಲಿಲ್ಲ. ಪೆಟ್ರೋಲು, ರಿಪೇರಿ, ವಿಮೆಯ ಬಿಲ್ಲುಗಳೇ ಆಧಾರ. ವ್ಯಾನಿಗೆ ಶೇ. 15 ಸವಕಳಿಯೂ ಸಿಗುತ್ತದೆ. ಮನೆ ಕೆಲಸಕ್ಕೆ ಓಡಿಸಿದ ಭಾಗವನ್ನು ಬಿಡಬೇಕು. ವಹಿವಾಟಿನ ಶೇ. 6 ಅಥವಾ 8ರಷ್ಟು ಅಂದಾಜು ಲಾಭ ತೋರಿಸುವವರಿಗೆ ವಾಹನ ಖರ್ಚು ಬೇರೆಯಾಗಿ ಸಿಗದು.

ನನ್ನ ಮಗ ಮನೆಯಲ್ಲಿ ಕ್ರಿಪ್ಟೊ ಮೈನಿಂಗ್ ಯಂತ್ರ ಇಟ್ಟಿದ್ದಾನೆ. "ಅಪ್ಪ, ಬಿಡಿಭಾಗ ತರಲು ಓಡಿದ ಪೆಟ್ರೋಲನ್ನೂ ಹೋಟೆಲ್ ಖಾತೆಗೆ ಹಾಕಿ" ಎಂದ. ನಾನು ಒಪ್ಪಲಿಲ್ಲ. ಅದು ಹೋಟೆಲಿನ ಖರ್ಚೇ ಅಲ್ಲ.

ಅವನ ಲೆಕ್ಕದಲ್ಲೂ ಅದು ಕಳೆಯದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಕ್ರಿಪ್ಟೊ ಮಾರಿದ ಲಾಭಕ್ಕೆ ಶೇ. 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಮೈನಿಂಗ್ ಯಂತ್ರ ಮುಂತಾದ ಸೌಕರ್ಯದ ಖರ್ಚು ಕೊಂಡ ಬೆಲೆಯಲ್ಲ ಎಂದು ಸರಕಾರ 2022ರ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿತ್ತು. ಕ್ರಿಪ್ಟೊ ನಷ್ಟವನ್ನು ಹೋಟೆಲ್ ಲಾಭದಲ್ಲಿ ಕಳೆಯಲೂ ಆಗದು.

ಎರಡನ್ನೂ ಬೆರೆಸಿದರೆ ನಮ್ಮ ನ್ಯಾಯವಾದ ಖರ್ಚಿನ ಮೇಲೂ ಅನುಮಾನ ಬರುತ್ತದೆ. ಆದ್ದರಿಂದ ವ್ಯಾನಿನಲ್ಲೇ ಒಂದು ಪುಸ್ತಕವಿಟ್ಟು ತಾರೀಕು, ಕಿಲೋಮೀಟರ್, ಹೋದ ಕೆಲಸ ಬರೆದಿಡಿ. ಉಳಿದದ್ದನ್ನು ನಿಮ್ಮ ಆಡಿಟರರಲ್ಲಿ ಕೇಳಿ.