ನಾಡಹಾಡಿನ ಪುನರ್ಜನ್ಮ

ಒಂದು ಜನಾಂಗದ ಹಾಡು ಪುಸ್ತಕಾಲಯದಲ್ಲಿ ಭದ್ರವಾಗಿದ್ದ ಮಾತ್ರಕ್ಕೆ ಅದು ಬದುಕಿದೆಯೆಂದು ಹೇಳಲಾಗದು. ಅದಕ್ಕೆ ಹಾಡುವ ಕಂಠ ಬೇಕು, ಕೇಳುವ ತರುಣರು ಬೇಕು. ಇಂಗ್ಲೆಂಡಿನ ‘ಫೇರ್‌ಪೋರ್ಟ್ ಕನ್ವೆನ್ಷನ್’ ಎಂಬ ವಾದ್ಯಮೇಳದ ಚರಿತ್ರೆಯೂ, ಅದರ ಗಾಯಕಿ ಸ್ಯಾಂಡಿ ಡೆನ್ನಿಯವರ ಅಲ್ಪಾಯುಷ್ಯದ ಜೀವನವೂ ಈ ಮಾತಿಗೆ ನಿದರ್ಶನಗಳಾಗಿವೆ.

1967ರಲ್ಲಿ ಉತ್ತರ ಲಂಡನ್ನಿನ ‘ಫೇರ್‌ಪೋರ್ಟ್’ ಎಂಬ ಮನೆಯಲ್ಲಿ ಕೆಲವು ತರುಣರು ಅಭ್ಯಾಸಕ್ಕಾಗಿ ಕೂಡುತ್ತಿದ್ದರು. ಮನೆಯ ಹೆಸರೇ ಮೇಳಕ್ಕೂ ಬಂದಿತು. ಆರಂಭದಲ್ಲಿ ಅವರು ನುಡಿಸುತ್ತಿದ್ದುದು ಬಹುಮಟ್ಟಿಗೆ ಅಮೆರಿಕದ ಹಾಡುಗಳ ಅನುಕರಣ. ಮನೆಯದು ಹಳತು, ಕಡಲಾಚೆಯದು ಹೊಸತು ಎಂಬ ಭ್ರಮೆಯು ಪರಾಧೀನ ದೇಶಗಳಿಗೆ ಮಾತ್ರ ಮೀಸಲಾದುದಲ್ಲ. ಸಾಮ್ರಾಜ್ಯವನ್ನಾಳಿದ ನಾಡಿನ ಮಕ್ಕಳನ್ನೂ ಅದು ಬಿಡಲಿಲ್ಲ.

1968ರಲ್ಲಿ ಡೆನ್ನಿಯವರು ಮೇಳವನ್ನು ಸೇರಿದರು. ಆಗ ಅವರ ವಯಸ್ಸು 21. ಕೆಲಕಾಲ ದಾದಿಯ ತರಬೇತಿಯಲ್ಲಿದ್ದು, ಅದನ್ನು ಬಿಟ್ಟು, ಲಂಡನ್ನಿನ ಜಾನಪದ ಗೀತಗೋಷ್ಠಿಗಳಲ್ಲಿ ಹಾಡಿ ಪಳಗಿದವರು. ಹಳೆಯ ಲಾವಣಿಗಳನ್ನು ಮೇಳದವರ ಕಿವಿಗೆ ಹಾಕಿದ ಶ್ರೇಯಸ್ಸಿನಲ್ಲಿ ಅವರದೇ ದೊಡ್ಡ ಪಾಲು.

1969ರ ಮೇ 12ರಂದು ವಿಧಿಯು ಎರಗಿತು. ಬರ್ಮಿಂಗ್‌ಹ್ಯಾಮಿನಲ್ಲಿ ಕಚೇರಿ ಮುಗಿಸಿ ಹಿಂದಿರುಗುವಾಗ ಮೇಳದ ವಾಹನವು ಅಪಘಾತಕ್ಕೀಡಾಗಿ, 19 ವರ್ಷದ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಹಾಗೂ ಜೊತೆಗಿದ್ದ ಯುವತಿಯೊಬ್ಬಳು ಮೃತರಾದರು. ಡೆನ್ನಿಯವರು ಆ ವಾಹನದಲ್ಲಿರಲಿಲ್ಲ. ಮೇಳವನ್ನು ಮುಚ್ಚಿಬಿಡಬೇಕೆಂಬ ಯೋಚನೆಯೂ ಉಳಿದವರಿಗೆ ಬಂದಿತು. ಆದರೆ ಮೃತ ಗೆಳೆಯನೊಡನೆ ನುಡಿಸಿದ ಹಾಡುಗಳನ್ನು ಮತ್ತೆ ನುಡಿಸಲು ಮನಸ್ಸೊಪ್ಪದೆ, ಅವರು ಹೊಸ ದಾರಿಯನ್ನು ಹುಡುಕಿದರು. ಆಶ್ಚರ್ಯವೆಂದರೆ, ಆ ದಾರಿಯು ಅತ್ಯಂತ ಹಳೆಯದಾಗಿದ್ದಿತು.

ಗ್ರಾಮಗಳಲ್ಲಿ ಅಲೆದು ರೈತರ ಬಾಯಿಂದ ಹಾಡುಗಳನ್ನು ಬರೆದುಕೊಂಡ ಸೆಸಿಲ್ ಷಾರ್ಪರ ಹೆಸರಿನ ಭವನವೊಂದು ಲಂಡನ್ನಿನಲ್ಲಿದೆ. ಮೇಳದ ಆಷ್ಲಿ ಹಚಿಂಗ್ಸರು ಅಲ್ಲಿನ ಗ್ರಂಥಭಂಡಾರವನ್ನು ಶೋಧಿಸಿದರು. ಡೇವ್ ಸ್ವಾರ್‌ಬ್ರಿಕ್ಕರು ಪಿಟೀಲಿನೊಡನೆ ಬಂದು ಸೇರಿದರು. ‘ಟ್ಯಾಮ್ ಲಿನ್’, ‘ಮ್ಯಾಟಿ ಗ್ರೋವ್ಸ್’ ಮೊದಲಾದ ಪುರಾತನ ಲಾವಣಿಗಳು ವಿದ್ಯುತ್ ಗಿಟಾರು, ಡ್ರಮ್ಮುಗಳ ಮೇಳದಲ್ಲಿ ಡೆನ್ನಿಯವರ ಕಂಠದಿಂದ ಮತ್ತೆ ಹೊರಹೊಮ್ಮಿದವು. 1969ರ ಡಿಸೆಂಬರಿನಲ್ಲಿ ಹೊರಬಂದ ಆ ‘ಲೀಜ್ ಅಂಡ್ ಲೀಫ್’ ಸಂಕಲನವೇ ಇಂಗ್ಲಿಷ್ ‘ಫೋಕ್ ರಾಕ್’ ಸಂಗೀತಕ್ಕೆ ತಳಹದಿಯಾಯಿತು.

ಆದರೆ ಸಂಕಲನವು ಪ್ರಕಟವಾಗುವಷ್ಟರಲ್ಲಿಯೇ ಹಾದಿಗಳು ಕವಲೊಡೆದಿದ್ದವು. ಹಚಿಂಗ್ಸರಿಗೆ ಹಳೆಯ ಹಾಡುಗಳು ಇನ್ನಷ್ಟು ಬೇಕಾಗಿದ್ದವು. ಡೆನ್ನಿಯವರಿಗೆ ಸ್ವಂತ ರಚನೆಗಳನ್ನು ಹಾಡುವ ಹಂಬಲ. ಇಬ್ಬರೂ ಮೇಳವನ್ನು ಬಿಟ್ಟರು. 1970 ಮತ್ತು 1971ರಲ್ಲಿ ‘ಮೆಲೊಡಿ ಮೇಕರ್’ ಪತ್ರಿಕೆಯ ವಾಚಕರು ಡೆನ್ನಿಯವರನ್ನು ಬ್ರಿಟನ್ನಿನ ಶ್ರೇಷ್ಠ ಗಾಯಕಿಯೆಂದು ಆರಿಸಿದರು. ಕೀರ್ತಿ ಬಂದಿತು, ಅದಕ್ಕೆ ತಕ್ಕ ಮಾರಾಟವು ಅವರ ಧ್ವನಿಮುದ್ರಿಕೆಗಳಿಗೆ ದೊರೆಯಲಿಲ್ಲ. 1974ರಲ್ಲಿ ಹಳೆಯ ಮೇಳಕ್ಕೆ ಮರಳಿ, ಎರಡು ವರ್ಷಗಳೊಳಗೆ ಮತ್ತೆ ಅಗಲಿದರು. 1978ರ ಏಪ್ರಿಲ್ 21ರಂದು, 31ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು.

2006ರಲ್ಲಿ ಬಿ.ಬಿ.ಸಿ. ರೇಡಿಯೋ 2ರ ಜಾನಪದ ಪ್ರಶಸ್ತಿಗಳಲ್ಲಿ ‘ಲೀಜ್ ಅಂಡ್ ಲೀಫ್’ ಸಂಕಲನವು ಅತ್ಯಂತ ಪ್ರಭಾವಶಾಲಿಯೆಂಬ ಮನ್ನಣೆಯನ್ನು ಪಡೆಯಿತು. ಗಾಯಕಿಗೆ ಅದನ್ನು ಕೇಳುವ ಭಾಗ್ಯವಿರಲಿಲ್ಲ. ಹಾಡನ್ನು ಸಂಗ್ರಹಿಸಿದವನು ಅದನ್ನು ಮರಣದಿಂದ ರಕ್ಷಿಸುತ್ತಾನೆ. ತನ್ನ ಕಾಲದ ದನಿಯಲ್ಲಿ ಹಾಡಿದವಳು ಅದಕ್ಕೆ ಮತ್ತೆ ಜೀವ ಕೊಡುತ್ತಾಳೆ. ಮೊದಲನೆಯವನಿಗೆ ಭವನವನ್ನು ಕಟ್ಟುವ ಸಮಾಜವು ಎರಡನೆಯವಳನ್ನು ಆಕೆ ಬದುಕಿರುವಾಗಲೇ ಆದರಿಸುವುದನ್ನು ಕಲಿಯಬೇಕಾಗಿದೆ.