ಅಮ್ಮನ ಮುಖ ಓದುವ ಕೂಸು

ಕುವೈತಿನ ಜಹ್ರಾ ಪ್ರಾಂತ್ಯದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ತಾಪ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಹಸುಗೂಸಿನ ಜೊತೆ ಒಬ್ಬಳೇ ಹಗಲು ಕಳೆಯುವ ಕನ್ನಡದ ಬಾಣಂತಿಯನ್ನು ನೆನೆಯಿರಿ. ಊರಿನಲ್ಲಾದರೆ ಎಣ್ಣೆ-ನೀರು ಹಾಕಲು, ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳಲು ತವರಿನವರು ಇರುತ್ತಿದ್ದರು. ಅಲ್ಲಿ ಎಷ್ಟೋ ಸಲ ವಿಡಿಯೊ ಕರೆಯೇ ಬಾಣಂತನ. "ಊಟ ಆಯ್ತಾ?" "ಹ್ಞೂಂ." ಆ ಹ್ಞೂಂನಲ್ಲಿ ಏನೆಲ್ಲ ಅಡಗಿರಬಹುದು!

ಹೆರಿಗೆಯ ನಂತರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ; ಹೆಚ್ಚಿನವರಲ್ಲಿ ಎರಡು ವಾರದೊಳಗೆ ಇಳಿಯುತ್ತದೆ. ಎರಡು ವಾರ ದಾಟಿಯೂ ಇಳಿಯದಿದ್ದರೆ ಅದು ಖಿನ್ನತೆ ಇರಬಹುದು. ಅದು ಎಷ್ಟು ಕಾಲ ಉಳಿಯಿತು ಎಂಬುದು ಮಗುವಿನ ಪಾಲಿಗೆ ಬಹಳ ಮುಖ್ಯ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1990ರ ದಶಕದ ಆರಂಭದಿಂದ ಸಾವಿರಾರು ತಾಯಿ-ಮಕ್ಕಳನ್ನು ಗಮನಿಸುತ್ತ ಬಂದ ಅಧ್ಯಯನದ ಫಲಿತಾಂಶವೊಂದು 2018ರಲ್ಲಿ ಹೊರಬಂತು. ಮಗುವಿಗೆ ಎರಡು ತಿಂಗಳಾದಾಗಲೂ ಎಂಟು ತಿಂಗಳಾದಾಗಲೂ ತೀವ್ರ ಖಿನ್ನತೆಯಲ್ಲಿದ್ದ ತಾಯಂದಿರ ಮಕ್ಕಳಲ್ಲಿ ಮೂರೂವರೆ ವರ್ಷಕ್ಕೆ ವರ್ತನೆಯ ತೊಂದರೆ, ಹದಿನಾರಕ್ಕೆ ಗಣಿತದಲ್ಲಿ ಹಿನ್ನಡೆ, ಹದಿನೆಂಟಕ್ಕೆ ಖಿನ್ನತೆ ಹೆಚ್ಚಾಗಿ ಕಂಡವು. ಇದು ಹಣೆಬರಹವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ವಂಶವಾಹಿ, ಬಡತನ, ಒಂಟಿತನ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ.

ತಾಯಿಯ ಖಿನ್ನತೆ ಮಗುವನ್ನು ತಟ್ಟುವ ಒಂದು ದಾರಿಯನ್ನಂತೂ ಕಣ್ಣಾರೆ ಕಾಣಬಹುದು. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್, ಮಗುವಿನೊಡನೆ ಆಡುತ್ತಿದ್ದ ತಾಯಿಗೆ ಕೆಲ ನಿಮಿಷ ಮುಖದಲ್ಲಿ ಭಾವವೇ ಇಲ್ಲದಂತೆ ಕೂರಲು ಹೇಳಿದರು. ಕೂಸು ನಕ್ಕಿತು, ಕೈ ಚಾಚಿತು, ಕೊನೆಗೆ ಸೋತು ಮುಖ ತಿರುಗಿಸಿತು. ಖಿನ್ನಳಾದ ತಾಯಿಗೆ ಪ್ರೀತಿ ಕಡಿಮೆಯಿಲ್ಲ. ಕೂಸಿನ ನಗುವಿಗೆ ಮರುನಗು ಕೊಡುವ ಕಸುವನ್ನು ಕಾಯಿಲೆ ಕಸಿದುಕೊಂಡಿರುತ್ತದೆ, ಅಷ್ಟೆ.

ನನಗೆ ತುಂಬ ಭರವಸೆ ಕೊಟ್ಟದ್ದು ಅಮೆರಿಕದ ಸಂಶೋಧಕಿ ಮರ್ನಾ ವೈಸ್‌ಮನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಔಷಧ ಕೊಟ್ಟದ್ದು ಖಿನ್ನತೆಯಿದ್ದ ತಾಯಂದಿರಿಗೆ. ಮೂರು ತಿಂಗಳಲ್ಲಿ ಗುಣವಾದವರ ಮಕ್ಕಳಲ್ಲಿ ಮಾನಸಿಕ ತೊಂದರೆಗಳು ಇಳಿದವು, ಗುಣವಾಗದವರ ಮಕ್ಕಳಲ್ಲಿ ಏರಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೇ ದಾಖಲಿಸಿಕೊಳ್ಳುವ ಪ್ರತ್ಯೇಕ ವಾರ್ಡೇ ಇದೆ.

ಎಡಿನ್‌ಬರೋದಲ್ಲಿ 1987ರಲ್ಲಿ ರೂಪುಗೊಂಡ, ಬಾಣಂತಿಯರ ಖಿನ್ನತೆಯನ್ನು ಗುರುತಿಸುವ ಹತ್ತು ಪ್ರಶ್ನೆಗಳ ಪಟ್ಟಿ ಈಗ ಕನ್ನಡದಲ್ಲೂ ಇದೆ. ಭರ್ತಿಮಾಡಲು ಐದು ನಿಮಿಷ ಸಾಕು. ಜಹ್ರಾದ ಮಗಳ ಜೊತೆ ಫೋನಿನಲ್ಲಿ ಮಾತಾಡುವ ತಾಯಿಯೂ ಊಟದ ವಿಚಾರದ ಜೊತೆಗೆ ನಿದ್ದೆ, ನಗು, ಭಯಗಳ ಬಗ್ಗೆ ಕೇಳಬಹುದು. ಪಟ್ಟಿಯ ಕೊನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ ಹೌದೆಂದರೆ, ಉಳಿದ ಅಂಕಗಳನ್ನು ಕೂಡುತ್ತ ಕೂರದೆ ಅವತ್ತೇ ವೈದ್ಯರಲ್ಲಿಗೆ ಹೋಗಬೇಕು.